ಮೂರು ಚುಕ್ಕೆ

ಸೈನ್ಯದ ಹಳೆಯ ಬಂದೂಕನ್ನು ಬಿಚ್ಚಿ ತುಕ್ಕು ಉಜ್ಜುತ್ತಿದ್ದ ರಿಪೇರಿಯವನ ಕೈ ತಟ್ಟನೆ ನಿಂತಿತು. ಗುಂಡಿಗೆ ಬಡಿಯುವ ಪಿನ್ನಿನ ಮೇಲೆ ಮೂರು ಚುಕ್ಕೆ ಮೂಡಿದ್ದವು. ಪಕ್ಕದಲ್ಲಿದ್ದ, ಅಪ್ಪ ಬಿಟ್ಟುಹೋದ ಕಬ್ಬಿಣ ಉಜ್ಜುವ ಅರದ ಹಿಡಿಯ ಮೇಲೂ ಅವೇ ಮೂರು. ಸೈನ್ಯದಲ್ಲಿ ಬಂದೂಕು ರಿಪೇರಿಗಿದ್ದ ಅವನಪ್ಪ ತಾನು ಮುಟ್ಟಿದ್ದಕ್ಕೆಲ್ಲ ಹಾಗೆ ಗುರುತು ಒತ್ತುತ್ತಿದ್ದ. ರಿಪೇರಿಯವನು ಪಿನ್ನನ್ನು ಅಳೆದು ನೋಡಿದ. ಅರ ಅದನ್ನು ಅತಿಯಾಗಿ ತಿಂದು ಗಿಡ್ಡ ಮಾಡಿತ್ತು. ಪಿನ್ನು ಗುಂಡನ್ನು ಮುಟ್ಟುವಂತೆಯೇ ಇರಲಿಲ್ಲ.

ಬಂದೂಕು ತಂದಿದ್ದ ಮುದುಕಿ ಸ್ಟೂಲಿನಿಂದಲೇ ಬಗ್ಗಿದಳು. "ಯುದ್ಧದಲ್ಲಿ ಗುಂಡೇ ಹಾರ್ಲಿಲ್ವಂತೆ ಕಣಪ್ಪಾ. ಸೋಮಾರಿ, ಒರೆಸದೆ ತುಕ್ಕು ಹಿಡಿಸ್ಕೊಂಡು ಸತ್ತ ಅಂತ ನಮ್ಮಪ್ಪನ್ನ ಊರೆಲ್ಲ ಆಡ್ಕೊಂಡ್ರು. ನಿಜಾನಾ?"

ತನ್ನಪ್ಪನ ಕೈ ಅಂದರೆ ಕೈ ಎಂದು ಹೇಳಿಕೊಂಡೇ ಅವನು ಇಷ್ಟು ವರ್ಷ ಅಂಗಡಿ ನಡೆಸಿದ್ದ. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

ಪಿನ್ನನ್ನೂ ಅರವನ್ನೂ ಅವಳ ಮಡಿಲಲ್ಲಿ ಜೋಡಿಸಿಟ್ಟ.

"ನಿಮ್ಮಪ್ಪಂದಲ್ಲಮ್ಮ ತಪ್ಪು. ನಮ್ಮಪ್ಪಂದು."