ಹೂವಮ್ಮನ ಬಾವಿಯ ಮೀನು

ಹಳ್ಳಗಳ ನೀರನ್ನೆಲ್ಲ ಸರ್ಕಾರದವರು ಕೊಳವೆಗೆ ತಿರುಗಿಸಿದ ಮೇಲೆ, ಯಾವ ಹಳ್ಳದ ಮೀನು ಎಲ್ಲಾದರೂ ಇನ್ನೂ ಜೀವಂತವಿದೆಯೋ ಆ ಹಳ್ಳಕ್ಕೆ ಮಾತ್ರ ನೀರು ಬಿಡುತ್ತಾರೆ. ಮೀನಿನ ಗುರುತು ಹಿಡಿದು ಹೇಳುವುದು ನನ್ನ ಕೆಲಸ. ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಬೆಳಿಗ್ಗೆ ಮಳಲಗದ್ದೆಯ ಹೂವಮ್ಮ ಹಿತ್ತಾಳೆಯ ಕೊಡ ಹೊತ್ತು ನನ್ನ ಕಚೇರಿಗೆ ಬಂದರು. ಅರ್ಧ ಊರೇ ಹಿಂದೆ ಬಂದು ಬಾಗಿಲಲ್ಲಿ ನಿಂತಿತು.

"ನಮ್ಮ ಬಾವೀದು. ನಮ್ಮ ಹಳ್ಳದ್ದೇ ಮೀನು," ಎಂದರು ಹೂವಮ್ಮ.

ಗಾಜಿನ ತೊಟ್ಟಿಗೆ ಬಿಟ್ಟು ನೋಡಿದೆ. ಬೆರಳುದ್ದದ ಮೀನು, ಕೆಂಪು ರೆಕ್ಕೆ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಮಳಲಗದ್ದೆಯ ಹಳ್ಳದ ಮೀನು ಅಲ್ಲಿಯ ಮರಳಿನ ಬಣ್ಣದ್ದೇ. ಇದು ಬಂಡೆಗಳ ನಡುವೆ, ರಭಸದ ನೀರಿನಲ್ಲಿ ಬದುಕುವ ಜಾತಿ.

"ಯಾಕಮ್ಮ ಸುಳ್ಳು? ಇದು ಕಲ್ಮಕ್ಕಿಯದು. ನೀರು ಅಲ್ಲಿಗೇ ಹೋಗುತ್ತೆ."

ಅವರ ಮುಖ ಬಿಳುಚಿಕೊಂಡಿತು. "ಕಲ್ಮಕ್ಕಿ ನನ್ನ ತವರು. ಮದುವೆ ದಿನ ಅವ್ವ ಒಂದು ಜೋಡಿ ಮೀನು ಕೊಡಕ್ಕೆ ಹಾಕಿ ಕೊಟ್ಟಿದ್ಲು, ಗಂಡನ ಮನೆ ಬಾವೀಲಿ ಬಿಡು ಅಂತ. ಇದು ಅದರದ್ದೇ ಸಂತಾನ ಇರ್ಬೇಕು. ನಮ್ಮೂರಲ್ಲಿ ಎಲ್ಲಾ ಸೊಸೇರೂ ಹಂಗೇ ತಂದಿದ್ದು."

ನನ್ನ ಸಿಟ್ಟು ಇಳಿಯಿತು. "ಮಳಲಗದ್ದೆ ಮೀನು ಯಾರ ಬಾವೀಲೂ ಇಲ್ವಾ?"

"ಅದನ್ನ ಹೆಣ್ಣುಮಕ್ಕಳ ಜೊತೆ ಕಳಿಸಿಬಿಟ್ವಿ."

"ಹಾಗಾದ್ರೆ ಅವರ ಬಾವೀಲಿ ಇರುತ್ತೆ. ತರಿಸಿ."

ಬಾಗಿಲಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಹೂವಮ್ಮ ಖಾಲಿ ಕೊಡವನ್ನು ಮಡಿಲಿಗೆಳೆದುಕೊಂಡರು.

"ನೀರು ಸೇದೋ ಕಷ್ಟ ಮಕ್ಕಳಿಗೆ ಬ್ಯಾಡ ಅಂತ, ಹುಡುಕಿ ಹುಡುಕಿ ನಲ್ಲಿ ಇರೋ ಮನೆಗೇ ಕೊಟ್ವಲ್ಲ."