ಆ ಕಡೆಯ ಗಾಳಿ

ತಮ್ಮನ ಖಾಲಿ ಸೈಟಿನ ಕಡೆಯಿಂದ ಧಾರಾಳವಾಗಿ ಗಾಳಿ ಬರುತ್ತದೆಂದು ಅಕ್ಕ ಒಂದಡಿಯೂ ಜಾಗ ಬಿಡದೆ ಅಡುಗೆಮನೆಯ ಗೋಡೆ ಎಬ್ಬಿಸಿದ್ದಳು. "ಜಾಗ ಯಾಕೆ ಬಿಡ್ತೀಯಕ್ಕ, ಆ ಕಡೆ ನಾನಿದೀನಲ್ಲ" ಎಂದಿದ್ದವನೂ ಅವನೇ. ಈಗ ಗಾಳಿಕಿಂಡಿಗೆ ಜಾಲರಿ ಆರಿಸಲು ಅವನನ್ನೇ ಅಂಗಡಿಗೆ ಕರೆತಂದಿದ್ದಳು.

"ಈ ಬಳ್ಳಿ ಡಿಸೈನಿಂದು ಚೆನ್ನಾಗಿದೆ ಅಲ್ವೇನೋ? ಒಗ್ಗರಣೆ ಘಾಟೆಲ್ಲ ಸಲೀಸಾಗಿ ಹೋಗುತ್ತೆ."

"ಅಷ್ಟು ದೊಡ್ಡದ್ಯಾಕಕ್ಕ? ಚಿಕ್ಕದು ಸಾಕು."

ಅವಳು ಚಿಕ್ಕದನ್ನು ಎತ್ತಿಕೊಂಡಳು.

"ಕಿಂಡಿನೇ ಬೇಡ ಬಿಡು. ಬರೀ ಧೂಳು ಬರುತ್ತೆ."

ತನ್ನ ಕೆಮ್ಮಿನ ಚಿಂತೆ ಇವನಿಗಾದರೂ ಇದೆಯಲ್ಲ ಎಂದು ಅವಳಿಗೆ ಹಿತವಾಯಿತು.

ಅಂಗಡಿಯವನು ತಮ್ಮನತ್ತ ತಿರುಗಿದ. "ನಿಮ್ಮ ಸೈಟ್ ತಗೊಂಡೋರು ನಿನ್ನೆ ಸಿಮೆಂಟ್ ಹೇಳಿ ಹೋದ್ರು. ಗೋಡೆಗೆ ಗೋಡೆ ಅಂಟಿಸೇ ಕಟ್ತಾರಂತೆ. ಅಕ್ಕನಿಗೆ ಇನ್ನೂ ಹೇಳಿಲ್ವಾ ಸರ್?"