ಜೋಳಿಗೆ ಬ್ಯಾಂಡಿನ ಮುಂದಿನ ಸಾಲು

ದಾನೇಶ್ವರಿಯ ಬಟ್ಟೆಯ ಚೀಲ ಆಗಲೇ ಅಣ್ಣನ ಬೈಕಿಗೆ ಏರಿತ್ತು. ಅಣ್ಣ ಸುಭಾಸ ತವರೂರು ತೇರಗಾಂವದಿಂದ ಬಂದು ದಾಂಡೇಲಿಯ ಮೈದಾನದ ಗೇಟಿಗೆ ಒರಗಿ ನಿಂತಿದ್ದ. ಒಳಗೆ ಮುಂದಿನ ಸಾಲಿನಲ್ಲಿ ಅವಳ ಗಂಡ ಈರೇಶ, ಊರ ಗೊಡವೆಯೇ ಇಲ್ಲದವನಂತೆ, ಹೊಸ ಅಂಗಿ ತೊಟ್ಟು ಕೂತಿದ್ದ.

"ಒಂದ ಮಾತು ಹೇಳಿ ಬರ್ತೇನಿ. ಅಂವ ಹೋಗಬ್ಯಾಡ ಅಂದ್ರ ಉಳೀತೇನಿ. ಇಲ್ಲಾಂದ್ರ ನಿನ್ನ ಕೂಡ ಬರ್ತೇನಿ," ಎಂದಳು.

"ಅಂವ ಅಂತಾನೇನ?" ಸುಭಾಸ ಮೂಗು ಮುರಿದ. "ವರ್ಷಾತು, ನಿನ್ನ ಜೋಡಿ ನೆಟ್ಟಗ ಬಾಯಿ ಬಿಟ್ಟಾನೇನ ಅಂವ?"

ಅದು ಸುಳ್ಳಾಗಿರಲಿಲ್ಲ. ಅತ್ತೆ ಗುರುಬಸವ್ವನ ಮನೆಯಲ್ಲಿ ಸೊಸೆ ಗಂಡನಿಗೆ ಮುಖ ಕೊಟ್ಟು ಮಾತಾಡುವ ರೂಢಿಯಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಬಾಯಿಗೆ ಸೆರಗು ಹಿಡಿದು, "ಊಟಕ್ಕ ಏಳ್ರಿ" ಅನ್ನಬೇಕು. ಮೊದಲೆಲ್ಲ ಅವನು ಕರೆದ ಕೂಡಲೇ ಏಳುತ್ತಿದ್ದ, ಏಳುವಾಗ ಒಂದು ಕುಚೇಷ್ಟೆಯ ಮಾತನ್ನೂ ಆಡುತ್ತಿದ್ದ. ಈಗ ಎಷ್ಟು ಕರೆದರೂ ಕಲ್ಲುಗುಂಡು. ದೀಪ ಆರಿಸಿದ ಮೇಲೆ ಅವಳು ಅಳುತ್ತ ಕೇಳಿದ್ದೂ ಉಂಟು, ನಾನೇನು ತಪ್ಪು ಮಾಡಿದೆ ಅಂತ. ಅವನು ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದ. ಅವಳ ಜೀವ ಚೂರುಚೂರಾಗಿತ್ತು.

ಗಿರಣಿಯಲ್ಲಿ ಮಾತ್ರ ನೋಡಬೇಕು ಈ ಮಹಾರಾಯನನ್ನು. ಹಿಟ್ಟಿನ ಗಿರಣಿ ಅವನದೇ. ಬೆಲ್ಟು ತಿರುಗತೊಡಗಿದರೆ ಅಲ್ಲಿ ಯಾರ ಮಾತೂ ಯಾರಿಗೂ ತಿಳಿಯದು. ಗೋಧಿಯೋ ಜೋಳವೋ, ನುಣ್ಣಗೋ ತರಿಯೋ, ಎಲ್ಲ ಕೈಸನ್ನೆಯಲ್ಲೇ ನಡೆಯುತ್ತದೆ. ಅಂಥ ಗದ್ದಲದಲ್ಲೂ ಅವನು ಬಂದವರ ಜೊತೆ ನಗುತ್ತಾನೆ, ಹರಟುತ್ತಾನೆ. ಅದರಲ್ಲೂ ಜೋಳ ತರುವ ಅನ್ನಪೂರ್ಣಾಳ ಜೊತೆ. ಪಕ್ಕದ ಮನೆಯ ಯಲ್ಲವ್ವ ಈ ಸುದ್ದಿಯನ್ನು ಬಿಸಿಬಿಸಿಯಾಗಿ ಮುಟ್ಟಿಸಿದ್ದಳು.

"ನಾ ಯಾಕ ಸುಳ್ಳ ಹೇಳ್ಲೆವಾ? ಆಕಿ ಮಾತಾಡಾಕ ಹತ್ತಿದ್ರ ಆಕಿ ತುಟಿ ಮ್ಯಾಲಿನ ಕಣ್ಣ ತಗಿಯಂಗಿಲ್ಲ ನಿನ್ನ ಗಂಡ."

ಸಾಲದ್ದಕ್ಕೆ ಆ ಫೋನು. ಅವಳು ಮಾಡಿದರೆ ಎತ್ತುವುದಿಲ್ಲ. ಆದರೆ ಮೆಸೇಜು ಮಾತ್ರ ಹೊತ್ತುಗೊತ್ತಿಲ್ಲದೆ ಕುಟ್ಟುತ್ತಿರುತ್ತಾನೆ. ಇನ್ನೇನು ಬೇಕು, ಹೇಳಿ.

ಮದುವೆಯ ಹೊಸದರಲ್ಲಿ ಅದೇ ಫೋನಿನಲ್ಲಿ ಜೋಳಿಗೆ ಬ್ಯಾಂಡಿನ ಹಾಡು ಹಚ್ಚುತ್ತಿದ್ದ. ಧಾರವಾಡದ ಹುಡುಗರ ಬ್ಯಾಂಡು ಅದು, ಗಿಟಾರಿನ ಜೊತೆ ಚೌಡಕಿ ಬಾರಿಸುತ್ತಾರೆ. ಅವಳ ಅಂಗೈ ಮೇಲೆ ಅವನು ತಾಳ ಹಾಕುವನು, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಈಚೆಗೆ ಹಾಡು ಹಚ್ಚುವುದನ್ನೂ ಬಿಟ್ಟಿದ್ದ. ಹೆಂಡತಿ ಬೇಡವಾದವನಿಗೆ ಅವಳ ಜೊತೆ ಕೇಳಿದ ಹಾಡು ಯಾಕೆ ಬೇಕು ಎಂದುಕೊಂಡಿದ್ದಳು.

ಅಂಥವನು ವಾರದ ಹಿಂದೆ ತಾನಾಗಿ ಬಂದು, "ಜೋಳಿಗೆಯವರು ನಮ್ಮೂರಿಗೆ ಬರಾಕ ಹತ್ಯಾರ. ಇಬ್ಬರೂ ಹೋಗೂಣು. ಮುಂದ ಆಗತೈತೋ ಇಲ್ಲೋ," ಎಂದಿದ್ದ. ಕಡೆಯ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತ್ತು. ಹಾಗಾದರೆ ಅವನೂ ತೀರ್ಮಾನಿಸಿದ್ದಾನೆ. ಅಂದೇ ಅವಳು ತವರಿಗೆ ಫೋನು ಮಾಡಿದ್ದಳು.

ಈಗ ಹಾಡು ಶುರುವಾಗಿತ್ತು. ಜನರ ಮೇಲಿನ ದೀಪ ಆರಿಸಿದ್ದರು. ದಾನೇಶ್ವರಿ ಬಂದು ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ತಾಳ ಚೌಡಕಿಗೆ ಕೂಡುತ್ತಿರಲಿಲ್ಲ. ಇಷ್ಟಪಟ್ಟು ಬಂದವನ ಮನಸ್ಸು ಇಲ್ಲೂ ಇಲ್ಲ, ಎಲ್ಲಿದೆಯೋ ಅವಳಿಗೆ ಗೊತ್ತು.

ಸೆರಗು ಬಾಯಿಗೆ ಹಿಡಿದು ಅವನ ಕಿವಿಯ ಹತ್ತಿರ ಬಾಗಿದಳು.

"ನಾ ಹೊಂಟೇನ್ರಿ. ತಿರುಗಿ ಬರಂಗಿಲ್ಲ. ನೀವು ಬ್ಯಾಡ ಅಂದ್ರ ಅಷ್ಟ ಉಳೀತೇನಿ."

ಅವಳ ಉಸಿರು ತಾಗಿ ಅವನು ಕಣ್ಣು ತೆರೆದ. ಕತ್ತಲೆಯಲ್ಲಿ ಅವಳ ಕಡೆ ತಿರುಗಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

"ಹೂಂ. ಭಾಳ ಚಲೋ ಆತು," ಎಂದ. ಮತ್ತೆ ಕಣ್ಣು ಮುಚ್ಚಿಕೊಂಡ.

ದಾನೇಶ್ವರಿಗೆ ಎದೆ ಒಡೆದಂತಾಯಿತು. ಎದ್ದಳು. ಕುರ್ಚಿಗಳಿಗೆ ಎಡವುತ್ತ, ಕಣ್ಣೊರೆಸಿಕೊಳ್ಳುತ್ತ ಗೇಟು ಮುಟ್ಟಿದಳು. ಸುಭಾಸ ಬೈಕಿಗೆ ಕಿಕ್ ಹೊಡೆದ.

ಆಗ ವೇದಿಕೆಯ ಬದಿಯಲ್ಲಿ ಚಟಪಟ ಎಂದಿತು. ಸೌಂಡ್ ಬಾಕ್ಸಿನಿಂದ ಹೊಗೆ ಎದ್ದಿತು. ಹಾಡು ನಡುವೆಯೇ ನಿಂತಿತು. ಗಿಟಾರು, ಚೌಡಕಿ ಕೆಳಗಿಟ್ಟು ಹುಡುಗರು ಕೈ ಮುಗಿದರು. ದೀಪ ಹಚ್ಚಿದರು. ಜನ ಸೀಟಿ ಹೊಡೆದರು, ಗೊಣಗಿದರು, ಒಬ್ಬೊಬ್ಬರಾಗಿ ಏಳತೊಡಗಿದರು. ಮುಂದಿನ ಸಾಲಿನಲ್ಲಿ ಈರೇಶನ ಬೆನ್ನು ಮಾತ್ರ ಕುರ್ಚಿ ಬಿಟ್ಟು ಅಲುಗಲಿಲ್ಲ.

ಅದನ್ನು ಕಂಡು ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಹಾಡು ನಿಂತರೂ, ಜನ ಎದ್ದರೂ, ಹೆಂಡತಿ ಎಲ್ಲಿ ಅಂತ ಒಮ್ಮೆ ತಿರುಗಿ ನೋಡಬಾರದೇ ಈ ಮನುಷ್ಯ?

"ತಡಿ, ಬಂದೆ," ಎಂದು ಅಣ್ಣನಿಗೆ ಹೇಳಿ ದಾಪುಗಾಲು ಹಾಕಿದಳು. ಹೋಗುವುದಾದರೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಯೇ ಹೋಗುವುದು. ಅವನ ಕುರ್ಚಿಯ ಹಿಂದೆ ಬಂದು ನಿಂತಳು.

"ಏನ್ರೀ."

ಅವನು ತಿರುಗಲಿಲ್ಲ.

"ಏನ್ರೀ, ನಿಮಗ ಹೇಳಾಕ ಹತ್ತೇನಿ."

ಇಲ್ಲ. ಅವಳಿಗೆ ತಡೆಯಲಾಗಲಿಲ್ಲ. ಗಂಡನ ಹೆಸರು ಹಿಡಿದು ಕರೆಯುವ ಹೆಂಗಸು ಅವರ ಕಡೆ ಇಲ್ಲ. ಮದುವೆಯಾದಂದಿನಿಂದ ಒಮ್ಮೆಯೂ ನಾಲಿಗೆಗೆ ತಾರದ ಹೆಸರನ್ನು, ನಾಲ್ಕು ಜನರ ನಡುವೆ, ಗಂಟಲು ಹರಿಯುವಂತೆ ಕೂಗಿದಳು.

"ಈರೇಶ!"

ಸುತ್ತಲಿನ ಹತ್ತಾರು ತಲೆಗಳು ಗಾಬರಿಯಾಗಿ ಅವಳತ್ತ ತಿರುಗಿದವು. ಆ ಕಿವುಡನ ತಲೆಯೊಂದೇ, ಆಗಲೇ ನಿಂತುಹೋದ ಹಾಡಿಗೆ, ಕಣ್ಣು ಮುಚ್ಚಿ ತೂಗುತ್ತಲೇ ಇತ್ತು.